ಗಂಗಮ್ಮನ ಮೇಲೆ ಮೂರು ದಿನ ತಡೆದುಕೊಂಡದ್ದು

ಪ್ರವಾಸ ಹೋಗಿಬಂದ ಮುದುಕಿಯರು ನೋಡಿದ ಗುಡಿ, ತಿಂದ ಊಟ ಇವುಗಳನ್ನೇ ಹೇಳುತ್ತಾರೆ. ಕಕ್ಕಸಿನ ಮಾತನ್ನು ಒಬ್ಬರೂ ಎತ್ತುವುದಿಲ್ಲ. ನಿಜ ಹೇಳಬೇಕೆಂದರೆ ಅರವತ್ತು ದಾಟಿದವರ ಪ್ರವಾಸವೆಲ್ಲ ಒಂದು ಕಕ್ಕಸಿನಿಂದ ಇನ್ನೊಂದು ಕಕ್ಕಸಿಗೆ. ನಡುವೆ ಸಿಕ್ಕಿದ್ದಕ್ಕೆ ಕೈ ಮುಗಿದು ಪುಣ್ಯ ಬಂತು ಅಂದುಕೊಳ್ಳುತ್ತೇವೆ. ನನಗೆ ಎಪ್ಪತ್ತೊಂದು. ವಯಸ್ಕರ ಶಾಲೆಯ ಲಾಟೀನಿನ ಬೆಳಕಲ್ಲಿ ಕಲಿತ ನಾಕಕ್ಷರ ನನ್ನದು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಮ್ಮದು ಗುಂಡ್ಲುಪೇಟೆ ಪಕ್ಕದ ಊರು. ಚೆಂಡುಹೂ ಬೆಳೆಯುತ್ತೇವೆ. ಇಪ್ಪತ್ತು ವರ್ಷದಿಂದ ಅದನ್ನು ಕೊಳ್ಳುವವನು ಕೇರಳದ ವರ್ಗೀಸ್. ಪ್ರತಿ ಸಲವೂ ಚೀಲಕ್ಕೆ ಕೈ ಹಾಕಿ, ಮೂಗು ಮುರಿದು, "ಹೂವ ಬಾಡಿದೆ ಅಮ್ಮಚ್ಚಿ" ಅನ್ನುವುದು ಅವನ ವ್ಯಾಪಾರದ ಪದ್ಧತಿ. ಆಗ ತಾನೇ ಕಿತ್ತ ಹೂವಿಗೂ ಅದೇ ಮಾತು. ಈ ಮನುಷ್ಯ ಹೋದ ವರ್ಷ ಅಕ್ಕಿ ಸಾಗಿಸುತ್ತಿದ್ದ ಹಳೇ ದೋಣಿಯೊಂದನ್ನು ಕೊಂಡು, ಮೇಲೆ ಬಿದಿರಿನ ಚಾವಣಿ, ಎರಡು ಕೋಣೆ, ಅಡುಗೆಮನೆ ಎಲ್ಲ ಕಟ್ಟಿಸಿದ. ಬಾಡಿಗೆಗಲ್ಲ, ತನ್ನ ಶೋಕಿಗೆ. ಅಷ್ಟರಲ್ಲಿ ಮಗಳಿಗೆ ಗಂಡು ಗೊತ್ತಾಯಿತು. ಗಂಡಿನ ಮನೆಯಲ್ಲೇ ನಿಶ್ಚಿತಾರ್ಥ. ಕೇರಳದ ಇವನ ಮನೆಯಿಂದ ಕಾರಿನಲ್ಲಿ ಹೋದರೆ ಮೂರು ಗಂಟೆ. ಹೊಳೆಯಲ್ಲಿ ಬಳಸಿಕೊಂಡು ಹೋದರೆ ಮೂರು ದಿನ. ಬೀಗರಿಗೆ ದೋಣಿ ತೋರಿಸುವ ಚಪಲ ಅವನಿಗೆ. ಹೆಂಡತಿ ಮಗಳು ಬುದ್ಧಿವಂತರು, ಕಾರು ಹತ್ತಿದರು. "ದೋಣಿಗೆಲ್ಲ ನಿಮ್ಮ ಹೂವದೇ ಸಿಂಗಾರ. ದೊಡ್ಡವರು ನೀವೂ ಬರ್ಬೇಕು ಅಮ್ಮಚ್ಚಿ" ಅಂದ. ನಾನು ನನ್ನ ವಾರಗಿತ್ತಿ ಪುಟ್ಟಮ್ಮನನ್ನೂ ಎಳೆದುಕೊಂಡು ಹೊರಟೆ.

ನಂಜನಗೂಡಿನಲ್ಲಿ ಬಸ್ಸು ಸೇತುವೆಗೆ ಬಂದರೆ ನಮ್ಮ ಕಡೆಯವರು ಕಾಲಿನ ಚಪ್ಪಲಿ ಜಾರಿಸಿ ಕಪಿಲೆಗೆ ಕೈ ಮುಗಿಯುತ್ತೇವೆ. ಕಣ್ಣು ಮಿಟುಕಿಸುವುದರೊಳಗೆ ಸೇತುವೆ ಮುಗಿಯುತ್ತದೆ, ಭಕ್ತಿಯೂ ಮುಗಿಯುತ್ತದೆ. ಇಲ್ಲಿ ದೋಣಿ ಹತ್ತಿದವಳೇ ಚಪ್ಪಲಿ ಬಿಟ್ಟು ಕೈ ಮುಗಿದೆ, ಹೊಳೆ ಮುಗಿಯಲೇ ಇಲ್ಲ. "ಕೈ ಬುಡಕ್ಕ, ಕಾಫಿ ಆರೋಯ್ತದೆ" ಅಂದಳು ಪುಟ್ಟಮ್ಮ. ಕುಡಿದೆ. ಅರ್ಧ ಗಂಟೆಗೆ ಕಾಫಿ ತನ್ನ ಕೆಲಸ ತೋರಿಸಿತು.

ವರ್ಗೀಸ್ ಹೆಮ್ಮೆಯಿಂದ ಕಕ್ಕಸಿನ ಬಾಗಿಲು ತೆಗೆದ. ಬಿಳಿ ಟೈಲ್ಸು, ಗೋಡೆಗೆ ಕನ್ನಡಿ.

"ಇದರ ಕೆಳಗೆ ಏನದೆ?" ಅಂದೆ.

"ಟ್ಯಾಂಕು."

"ಟ್ಯಾಂಕಿನ ಕೆಳಗೆ?"

"ದೋಣಿ."

"ದೋಣಿ ಕೆಳಗೆ?"

ಅವನು ತಲೆ ಕೆರೆದುಕೊಂಡ. "ಹೊಳೆ."

"ಗಂಗಮ್ಮನ ತಲೆ ಮ್ಯಾಲೆ ನಾನು ಕುಂತ್ಕೊಳಕಿಲ್ಲ. ದಡಕ್ಕೆ ಬುಡು ದೋಣಿಯ."

"ಒಂದು ತೊಟ್ಟೂ ನೀರಿಗೆ ಹೋಗಲ್ಲ ಅಮ್ಮಚ್ಚಿ, ಸತ್ಯ!"

"ಇಪ್ಪತ್ತು ವರ್ಸದಿಂದ ನಮ್ಮ ಹೂವ ಬಾಡ್ಯದೆ ಅಂತ ಏಳ್ತಿರೋನ ಸತ್ಯ ನಂಬ್ಲೇನಪ್ಪ ನಾನು?"

ದೋಣಿ ದಡಕ್ಕೆ ಹೋಯಿತು. ನನಗೆ ಅವರ ಭಾಷೆ ಬಾರದು. ಆದರೆ ಕಿರುಬೆರಳು ಎತ್ತಿದರೆ ಅರ್ಥವಾಗದ ಹೆಂಗಸು ಯಾವ ದೇಶದಲ್ಲೂ ಇಲ್ಲ. ಮೊದಲನೆಯ ಮನೆಯವಳು ನಗುತ್ತಾ ಕೈ ಹಿಡಿದು ಕರೆದುಕೊಂಡು ಹೋದಳು. ವಾಪಸ್ಸು ಬರುವಾಗ ಸುಮ್ಮನೆ ಬಿಡಲಿಲ್ಲ, ಚಹಾ ಕೊಟ್ಟಳು. ಬೇಡ ಅಂದರೆ ಮರ್ಯಾದೆಯಲ್ಲ. ಆ ಚಹಾ ಮುಂದಿನ ಮನೆಯವರೆಗೆ ಮಾತ್ರ ತಡೆಯಿತು. ಅಲ್ಲೂ ಚಹಾ. ಹೀಗೆ ಆ ಹೊಳೆಯ ದಂಡೆಯಲ್ಲಿ ನನಗೆ ಪರಿಚಯವಾಗದ ಮನೆ ಉಳಿಯಲಿಲ್ಲ. ಪುಟ್ಟಮ್ಮ ಮಾತ್ರ ದೋಣಿಯ ಕಕ್ಕಸಿಗೇ ಹೋಗಿ ಮುಖ ಅರಳಿಸಿಕೊಂಡು ಬರುತ್ತಿದ್ದಳು. "ನಮ್ಮ ದೇವ್ರ ಮನೆಗಿಂತ ಚೆಂದಾಗದೆ ಕಣಕ್ಕ!"

"ಗಂಗಮ್ಮ ನಿನ್ನ ಕೇಳ್ತಾಳೆ ಕಣಮ್ಮಿ."

"ಕೇಳ್ಲಿ ಬುಡು, ಟ್ಯಾಂಕು ಅಂತೀನಿ."

ಎರಡನೆಯ ದಿನ ಸಂಜೆಗೆ ನಾವು ಅರ್ಧ ದಿನದ ದಾರಿ ಹಿಂದೆ ಬಿದ್ದಿದ್ದೆವು. ಮಾರನೆಯ ಬೆಳಿಗ್ಗೆ ಹತ್ತಕ್ಕೆ ನಿಶ್ಚಿತಾರ್ಥ. ಸೂರ್ಯ ಹುಟ್ಟುವ ಮುಂಚೆಯೇ ಇಂಜಿನ್ ಶುರು ಮಾಡಿಸಿದರೂ ಎಂಟು ಗಂಟೆಗೆ ಇನ್ನೂ ಎರಡು ಗಂಟೆಯ ದಾರಿ ಉಳಿದಿತ್ತು. ವರ್ಗೀಸ್ ನನ್ನ ಮುಂದೆ ಬಂದು ನಿಂತ. ಬೈಯಲಿಲ್ಲ. "ಒಬ್ಬಳೇ ಮಗಳು ಅಮ್ಮಚ್ಚಿ. ಅಪ್ಪ ಇಲ್ದೆ ಉಂಗುರ ಹಾಕ್ಬಿಡ್ತಾರೆ. ಹೂವಾನೂ ಬಾಡ್ತಾ ಇದೆ" ಅಂದ. ನೋಡಿದರೆ ನಿಜವಾಗಿಯೂ ಬಾಡುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಆ ಬಾಯಿಂದ ಮೊದಲ ಸಲ ನಿಜ ಬಂದದ್ದು ನೋಡಿ ನನಗೂ ಹೇಗೋ ಆಯಿತು. ಕುಡಿಯುತ್ತಿದ್ದ ಕಾಫಿ ಲೋಟ ಪುಟ್ಟಮ್ಮನ ಕೈಗೆ ಕೊಟ್ಟು, "ನಡೆಸಪ್ಪ, ಎಲ್ಲೂ ನಿಲ್ಲಿಸ್ಬ್ಯಾಡ" ಅಂದೆ.

ಆ ಎರಡು ಗಂಟೆ ನನ್ನ ಶತ್ರುವಿಗೂ ಬೇಡ. ಕೆಳಗೆ ಇಂಜಿನ್ ಗಡಗಡ ನಡುಗಿಸುತ್ತದೆ, ಸುತ್ತಲೂ ನೀರು ಜುಳುಜುಳು ಅನ್ನುತ್ತದೆ. ಮನೆಹಾಳಿ ಪುಟ್ಟಮ್ಮ ಎದುರಿಗೇ ಕೂತು ಚೊಂಬಿನಿಂದ ಲೋಟಕ್ಕೆ ಎತ್ತರದಿಂದ ಧಾರೆಯಾಗಿ ನೀರು ಬಗ್ಗಿಸಿದಳು. ನಿಧಾನಕ್ಕೆ. "ಬಾಯಾರಿಕೆ ಕಣಕ್ಕ" ಅಂತ ಬೇರೆ.

ಹತ್ತಕ್ಕೆ ಐದು ನಿಮಿಷವಿರುವಾಗ ದೋಣಿ ಗಂಡಿನ ಮನೆಯ ಮೆಟ್ಟಿಲಿಗೆ ತಾಗಿತು. ಗಂಡಿನ ತಾಯಿ ಜರಿ ಸೀರೆಯುಟ್ಟು ನಿಂತಿದ್ದಾಳೆ, ಪಕ್ಕದಲ್ಲಿ ಫೋಟೋದವನು. ದೊಡ್ಡವಳಾದ ನಾನು ಹೂವಿನ ಬುಟ್ಟಿ ಹಿಡಿದು ಮೊದಲು ಇಳಿಯಬೇಕೆಂದು ವರ್ಗೀಸ್ ಮೊದಲೇ ಹೇಳಿಟ್ಟಿದ್ದ. ಇಳಿದೆ. ಬುಟ್ಟಿಯನ್ನು ಆಕೆಯ ಎದೆಗೆ ತಳ್ಳಿ ಕಿರುಬೆರಳು ಎತ್ತಿದೆ. ಪುಣ್ಯಾತ್ಗಿತ್ತಿ, ಹಿತ್ತಲ ಕಡೆ ಕೈ ತೋರಿಸಿದಳು. ಅವರ ನಿಶ್ಚಿತಾರ್ಥದ ಮೊದಲನೆಯ ಫೋಟೋದಲ್ಲಿ ನನ್ನ ಬೆರಳು ಈಗಲೂ ಇದೆ. ಉಂಗುರದ ಹೊತ್ತಿಗೆ ಅಪ್ಪ ಮಗಳ ಪಕ್ಕದಲ್ಲೇ ಇದ್ದ.

ಹಗುರಾಗಿ ಆಚೆ ಬಂದು, ಸಮಾಧಾನವಾಗಿ ಹಿತ್ತಲು ನೋಡುತ್ತಾ ನಿಂತೆ. ಆಗ ಕಂಡಿತು. ಆ ಕಕ್ಕಸಿನ ಗೋಡೆಯಿಂದ ದಪ್ಪನೆಯ ಪೈಪೊಂದು ಹೊರಟು, ನೆಟ್ಟಗೆ ಹೋಗಿ, ಹೊಳೆಗೆ ಬಾಯಿ ಇಟ್ಟಿತ್ತು. ಇತ್ತ ಮೆಟ್ಟಿಲ ಹತ್ತಿರ ವರ್ಗೀಸ್ ಕರೆಸಿದ್ದ ಲಾರಿಯೊಂದು ಬಂದು ದೋಣಿಯ ಟ್ಯಾಂಕಿನಿಂದ ಎಲ್ಲವನ್ನೂ ಹೀರಿಕೊಳ್ಳುತ್ತಿತ್ತು, ಒಂದು ತೊಟ್ಟೂ ನೀರಿಗೆ ಬೀಳದ ಹಾಗೆ. ದಾರಿಯುದ್ದಕ್ಕೂ ನುಗ್ಗಿದ ಮನೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಚಹಾದ ಗಡಿಬಿಡಿಯಲ್ಲಿ ಒಂದರ ಹಿಂಬದಿಯನ್ನೂ ನಾನು ನೋಡಿರಲಿಲ್ಲ.

ಪುಟ್ಟಮ್ಮ ಆ ಪೈಪು ನೋಡಲಿಲ್ಲ. ನಾನೂ ತೋರಿಸಲಿಲ್ಲ. ಅವಳು ಊರಿಗೆ ಬಂದವಳೇ, "ನಮ್ಮಕ್ಕ ಮೂರು ದಿನ ಗಂಗಮ್ಮನ್ನ ಮೈಲಿಗೆ ಮಾಡ್ಲಿಲ್ಲ ಕಣ್ರವ್ವಾ" ಅಂತ ಬೀದಿ ತುಂಬಾ ಸಾರಿಬಿಟ್ಟಳು. ಅವಳಿಗೆ ನನ್ನ ಮೇಲೆ ಅಷ್ಟು ಗೌರವ ಬಂದದ್ದು ಇದೇ ಮೊದಲು, ಹಾಳು ಮಾಡಲು ಮನಸ್ಸಾಗಲಿಲ್ಲ. ಈಗ ಊರಲ್ಲಿ ಯಾರು ಬೋರು ಕೊರೆಸಿದರೂ ಗಂಗೆಪೂಜೆಗೆ ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ, ಕಾಯಿ ಒಡೆಯುತ್ತೇನೆ. ಗಂಗಮ್ಮ ಬೇಗ ಬರಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಾರೆ. ನಾನು ಮಾತ್ರ, ಬಂದವಳು ಬಾಯಿ ಬಿಡದಿರಲಿ ಎಂದು.