ಎರಡು ಗಾಡಿಗಳ ನಡುವಿನ ನಿದ್ದೆ

ಮನ್ಮಥಪ್ಪನಿಗೆ ಪೇಶ್ಕಾರ್ ಸಾಹೇಬರ ಕಾಟ ಹಗಲಿಗಷ್ಟೇ ಸೀಮಿತವಾಗಿದ್ದರೆ ಅವನು ಹೇಗೋ ತಾಳಿಕೊಳ್ಳುತ್ತಿದ್ದ. ತಾಂಡೂರಿನಲ್ಲಿ ಜಾಗೀರದಾರರೊಬ್ಬರ ಕಚೇರಿ. ಅಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುವ ಗುಮಾಸ್ತ ಇವನು, ಇವನ ಮೇಲಧಿಕಾರಿ ಅವರು. ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ ಬಿಟ್ಟುಹೋದರೆ ಸಾಹೇಬರು ಇಡೀ ಕಚೇರಿಗೆ ಕೇಳುವಂತೆ ಬೈಯುತ್ತಿದ್ದರು. ಸಂಬಳ ಕೊಟ್ಟು ಬೈಯುವವರನ್ನು ಏನೆನ್ನುವುದು? ಆದರೆ ಅದೇ ಸಾಹೇಬರು ರಾತ್ರಿ ಇವನು ಕಣ್ಣು ಮುಚ್ಚಿದೊಡನೆ ಕನಸಿನೊಳಗೆ ಬಂದು ಅದೇ ಚುಕ್ಕೆಗಾಗಿ ಮತ್ತೆ ಬೈಯುತ್ತಿದ್ದರು. (ಕನಸಿನಲ್ಲಿ ಸಂಬಳವೂ ಇಲ್ಲ.) “ಹುಜೂರ್! ಮಾಫ್ ಕರೋ ಹುಜೂರ್!” ಎಂದು ಮನ್ಮಥಪ್ಪ ಮಾಡುತ್ತಿದ್ದ ಆರ್ತನಾದಕ್ಕೆ ಹೆಂಡತಿ ಅಮೃತಬಾಯಿಯಷ್ಟೇ ಅಲ್ಲ, ಪಕ್ಕದ ಮನೆಯ ಎಮ್ಮೆಯೂ ಎದ್ದು ನಿಲ್ಲುತ್ತಿತ್ತು.

“ಏನ್ರಿ ಇದು ದಿನಾ?” ಒಂದು ಬೆಳಿಗ್ಗೆ ಅಮೃತಬಾಯಿ ರೊಟ್ಟಿ ಬಡಿಯುತ್ತ ಕೇಳಿದಳು. ಪೆಟ್ಟುಗಳು ರೊಟ್ಟಿಗೆ ಬೇಕಾದದ್ದಕ್ಕಿಂತ ಜೋರಾಗಿದ್ದವು. “ಬಾವಿಗಿ ನೀರಿಗಿ ಹೋದ್ರ ‘ಹುಜೂರ್ ಮನಿಯಾಕಿ ಬಂದಳು’ ಅಂತ ಎಲ್ಲಾರೂ ನಗಾಕತ್ತಾರ. ಕನಸಿನ್ಯಾಗರ ಆ ಮನಶಾಗ ತಿರುಗಿ ಒಂದು ಮಾತು ಅನಬಾರದೇನು?”

“ಕನಸು ಅಂತ ಗೊತ್ತಾದ್ರ ಅಂತಿದ್ದೆ. ಗೊತ್ತೇ ಆಗಂಗಿಲ್ಲಲ್ಲ!”

“ಇನ್ನ ಹದಿನೈದು ದಿನ ನೋಡ್ತೀನಿ. ಆಮ್ಯಾಲ ರಾಯಿಕೋಡಿಗಿ, ನಮ್ಮವ್ವನ ಮನಿಗಿ ಹೋಗಿ ಮಲಗ್ತೀನಿ. ನೀವು ರಜಾ ತಗೊಂಡು ಕರ್ಕೊಂಡು ಹೋಗ್ತೀರಿ ಅಂತ ಕಾದು ಕಾದು ಎರಡು ವರ್ಷ ಆತು.”

ಆ ಸಂಜೆ ಮನ್ಮಥಪ್ಪ ನೇರ ಸ್ಟೇಷನ್ನಿಗೆ ಹೋಗಿ ಗೆಳೆಯ ಆತ್ಮಾರಾಮನ ಮುಂದೆ ಗೋಳು ತೋಡಿಕೊಂಡ. ಆತ್ಮಾರಾಮ ವಾಡಿ ಕಡೆಯ ಗಾಡಿಗಳಿಗೆ ರಾತ್ರಿ ದೀಪ ತೋರಿಸುವವನು. ಜಗತ್ತಿನ ಸಕಲ ವಿದ್ಯೆಗಳೂ ರೈಲಿನಲ್ಲಿ ಬಂದು ತನ್ನೆದುರೇ ಇಳಿಯುತ್ತವೆಂಬುದು ಅವನ ನಂಬಿಕೆ.

“ಇಷ್ಟಕ್ಕ್ಯಾಕ ಹೈರಾಣ ಆಗ್ತಿ?” ಎಂದ ಅವನು. “ನಾ ದಿನಾ ಕನಸಿನ್ಯಾಗ ನವಾಬ ಇರ್ತೀನಿ. ಪ್ಯಾಸೆಂಜರ್ ಗಾಡಿ ಹೋದಮ್ಯಾಲ ಮಲಗ್ತೀನಿ. ಮೂರಕ್ಕ ಮಾಲಗಾಡಿ ಬರ್ತದ. ಎದ್ದು ದೀಪ ತೋರಿಸಿ ಮತ್ತ ಮಲಗ್ತೀನಿ. ಆ ಎರಡನೇ ನಿದ್ದಿ ಅದ ನೋಡು, ಭಾರಿ ತೆಳು. ಕನಸು ಬಿದ್ದ ಕೂಡಲೇ ‘ಅರೇ, ಇದು ಕನಸು!’ ಅಂತ ಗೊತ್ತಾಗ್ತದ. ಮುಂದ ನಾ ಅಂದಂಗೇ ಎಲ್ಲ. ನಿನ್ನಿ ಮಾಲಗಾಡಿನ್ನ ತೊಗರಿ ಹೊಲದ ಮ್ಯಾಲಿಂದ ಹಾರಿಸಿದೆ.”

“ಕನಸೇ ಅಂತ ಖಾತ್ರಿ ಹ್ಯಾಂಗ?”

“ಕೈಬೆರಳು ಎಣಸು. ಕನಸಿನ್ಯಾಗ ಆರೋ ಏಳೋ ಇರ್ತಾವ. ಐದೇ ಇದ್ರ ಮಾತ್ರ ಬಾಯಿ ಮುಚ್ಕೊಂಡಿರು.”

ಹೀಗೆ ಮನ್ಮಥಪ್ಪನ ಸ್ವಪ್ನವಿಜಯದ ಮಹಾಪ್ರಯೋಗ ಆರಂಭವಾಯಿತು. ಮನೆಯಲ್ಲಿ ಗಡಿಯಾರವಿರಲಿಲ್ಲ, ಆದರೆ ಮಾಲಗಾಡಿಯ ಕೂಗು ಊರಿಗೆಲ್ಲ ಕೇಳುತ್ತಿತ್ತು, ಮನ್ಮಥಪ್ಪನೊಬ್ಬನನ್ನು ಬಿಟ್ಟು. ಹಾಗಾಗಿ ಎಬ್ಬಿಸುವ ಹೊಣೆ ಅಮೃತಬಾಯಿಯ ಕೊರಳಿಗೆ ಬಿತ್ತು.

“ಮತ್ತ ನನ್ನ ನಿದ್ದಿ?” ಎಂದಳು ಅವಳು.

“ನಿಂದೇನದ? ನನ್ನ ಎಬ್ಬಸೋದು, ಹೊಳ್ಳಿ ಮಲಗೋದು.”

ಮೊದಲ ರಾತ್ರಿ ಅವಳು ಭುಜ ಹಿಡಿದು ಅಲುಗಿಸಿದಾಗ ಮನ್ಮಥಪ್ಪ ಕಣ್ಣು ತೆರೆಯದೆಯೇ ಅವಳ ಕಾಲಿಗೆ ಬಿದ್ದು ಕ್ಷಮೆ ಕೇಳಿದ. (ಮದುವೆಯಾದ ಮೇಲೆ ಇದೇ ಮೊದಲು, ಅಮೃತಬಾಯಿ ಸ್ವಲ್ಪ ಹೊತ್ತು ತಡೆದೇ ಎಬ್ಬಿಸಿದಳು.) ಎರಡನೆಯ ರಾತ್ರಿ ಮುಖಕ್ಕೆ ನೀರು ಚಿಮುಕಿಸಿದಳು. ಮೂರನೆಯ ರಾತ್ರಿ ಚಿಮುಕಿಸುವ ತೊಂದರೆ ಯಾಕೆಂದು ತಂಬಿಗೆಯನ್ನೇ ಬೋರಲು ಮಾಡಿದಳು. ಎದ್ದವನು ಗೋಡೆಗೊರಗಿ ಪದ್ಮಾಸನ ಹಾಕಿ “ಇನ್ನ ಕಾಣೋದೆಲ್ಲ ಕನಸು, ಇನ್ನ ಕಾಣೋದೆಲ್ಲ ಕನಸು” ಎಂದು ಜಪಿಸುವನು. ಆ ಜಪ ಮುಗಿಯುವವರೆಗೆ ಅಮೃತಬಾಯಿಗೂ ಜಾಗರಣೆಯೇ. ಜಪ ನಿಂತೊಡನೆ ಅವಳು ಮಗ್ಗುಲು ತಿರುಗಿ ನಿದ್ದೆಹೋಗುವಳು. ಮನ್ಮಥಪ್ಪ ಮಾತ್ರ ಒದ್ದೆ ಕೌದಿಯ ಮೇಲೆ ಅಂಗಾತ ಬಿದ್ದು, ಸೊಳ್ಳೆ ಹೊಡೆಯುತ್ತ, ಕೋಳಿ ಕೂಗುವವರೆಗೆ ಬೆರಳು ಎಣಿಸುವನು. ಕನಸು ಬೀಳಬೇಕಾದರೆ ನಿದ್ದೆ ಬರಬೇಕಷ್ಟೆ!

ಆ ನಿದ್ದೆ ಎಲ್ಲಿ ಹೋಗಿತ್ತೆಂದರೆ, ಕಚೇರಿಗೆ ಹೋಗಿ ಅವನನ್ನು ಕಾಯುತ್ತಿತ್ತು.

ಹತ್ತನೆಯ ದಿನ ಮಧ್ಯಾಹ್ನ ಅವನ ತಲೆ ಕಾಗದದ ಮೇಲೆ ಒರಗಿತು. ಯಾರೋ ಮೇಜು ಕುಟ್ಟಿದಂತಾಗಿ ಕಣ್ಣು ಬಿಟ್ಟರೆ, ಎದುರಿಗೆ ಸಾಕ್ಷಾತ್ ಪೇಶ್ಕಾರ್ ಸಾಹೇಬರು! ಕೆಂಡದಂಥ ಕಣ್ಣು, ಕೈಯಲ್ಲಿ ಕಾಗದ, ಬಾಯಲ್ಲಿ ಚುಕ್ಕೆ, ಎಲ್ಲ ಕನಸಿನಲ್ಲಿದ್ದಂತೆಯೇ. ಮನ್ಮಥಪ್ಪನ ಎದೆ ಹಿಗ್ಗಿತು. ಎಷ್ಟೋ ವರ್ಷಗಳಿಂದ ನುಂಗಿಕೊಂಡಿದ್ದ ಮಾತುಗಳು ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದವು. ಆದರೂ ಖಾತ್ರಿಯಿರಲೆಂದು ಮೇಜಿನ ಕೆಳಗೆ ಬೆರಳು ಎಣಿಸಿದ. ಐದು. ಕನ್ನಡದಲ್ಲಿ ತಪ್ಪಿರಬಹುದೆಂದು ಉರ್ದುವಿನಲ್ಲಿ ಎಣಿಸಿದ. ಆಗಲೂ ಪಾಂಚ್.

“ಕ್ಯಾ ಗಿನ್ ರಹೇ ಜೀ?” ಸಾಹೇಬರು ಗುಡುಗಿದರು.

“ಉಂಗ್ಲಿಯಾಂ, ಹುಜೂರ್,” ಎಂದ ಮನ್ಮಥಪ್ಪ, ಬೆರಳುಗಳನ್ನು ಎತ್ತಿ ತೋರಿಸುತ್ತ.

ಇನ್ನೊಂದು ಸಲ ತೂಕಡಿಸಿದರೆ ದೂರದ ನಾರಾಯಣಖೇಡದ ಕಚೇರಿಗೆ ಎತ್ತಿಹಾಕುವುದಾಗಿ ಸಾಹೇಬರು ಅಪ್ಪಣೆ ಕೊಡಿಸಿದರು.

ಮನ್ಮಥಪ್ಪ ಕಾಲೆಳೆಯುತ್ತ ಮನೆಗೆ ಬಂದಾಗ ಅಮೃತಬಾಯಿ ಏನೋ ಗುನುಗುತ್ತ ತಾಟು ಹಾಕುತ್ತಿದ್ದಳು. ಮುಖ ಬೆಳಗಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು.

“ಕೇಳಿಲ್ಲಿ,” ಎಂದ ಅವನು, ಉಣ್ಣಲು ಕೂರುತ್ತ. “ಇವತ್ತಿಂದ ನನ್ನ ಎಬ್ಬಸೋದು ಬ್ಯಾಡ. ಈ ಹುಚ್ಚಾಟ ಸಾಕು.”

“ಅಯ್ಯಯ್ಯ, ಹಂಗ ಅನಬ್ಯಾಡ್ರಿ!” ಅಮೃತಬಾಯಿ ಗಾಬರಿಯಾದಳು. ಬಳಿಕ ಸೆರಗಿನ ತುದಿ ತಿರುವುತ್ತ, “ನನಗ ಬೀಳಾಕತ್ತಾವ,” ಎಂದಳು.

“ಏನು?”

“ಕನಸು. ನಿಮ್ಮನ್ನ ಎಬ್ಬಿಸಿ ಮಲಗ್ತೀನಲ್ಲ, ಆವಾಗ. ನಾನೂ ಬೆರಳು ಎಣಸಿದೆ. ಏಳು ಇದ್ವು! ಮೊದಲ ದಿನ ಬಾವಿ ಮ್ಯಾಲಿಂದ ಹಾರಿದೆ. ಎಲ್ಲಾರೂ ಕೊಡ ಹಿಡ್ಕೊಂಡು ಮ್ಯಾಲ ನೋಡೇ ನೋಡಿದ್ರು. ಮರುದಿನ ಒಲಿಗಿ ‘ರೊಟ್ಟಿ ಮಾಡು’ ಅಂದೆ, ತಾನೇ ಮಾಡ್ತು. ನಿನ್ನಿ ನಿಮ್ಮ ಕಚೇರಿಗಿ ಹೋಗಿದ್ದೆ.”

ಬಾಯಿಗೆ ಹೊರಟಿದ್ದ ತುತ್ತು ಅರ್ಧದಲ್ಲೇ ನಿಂತಿತು. “ಸಾಹೇಬರು ಇದ್ರಾ?”

“ಇದ್ರು. ‘ನಮ್ಮವರಿಗಿ ರಜಾ ಯಾಕ ಕೊಡಂಗಿಲ್ಲ?’ ಅಂತ ಕೇಳಿದೆ. ‘ಚುಕ್ಕಿ ಬಿಡ್ತಾನ’ ಅಂದ್ರು. ‘ತಗೋರಿ, ನಿಮ್ಮ ಚುಕ್ಕಿ ಎಲ್ಲಾ ಇಲ್ಲೇ ಅವ’ ಅಂತ ಮಸಿದೌತಿ ಎತ್ತಿ ಅವರ ಶೇರವಾನಿ ಮ್ಯಾಲ ಸುರುವಿದೆ.”

“ಆಮ್ಯಾಲ?”

“ಎದ್ದು ನಿಂತು ಸಲಾಂ ಮಾಡಿದ್ರು. ತಿಂಗಳ ರಜಾ ಬರದು ಕೊಟ್ರು. ಅವಸರದಾಗ ನನ್ನ ಹೆಸರಿಗಿ ಬರದಾರ.”

ಮನ್ಮಥಪ್ಪನ ಕಣ್ಣು ತುಂಬಿಬಂತು. ತಾನು ಎಷ್ಟೋ ವರ್ಷಗಳಲ್ಲಿ ಮಾಡಲಾರದ್ದನ್ನು ತನ್ನ ಧರ್ಮಪತ್ನಿ ಒಂದು ನಿದ್ದೆಯಲ್ಲಿ ಮಾಡಿದ್ದಳು! “ನಾನೂ ಅಲ್ಲೇ ಇದ್ನೇನು?” ಎಂದು ಆಸೆಯಿಂದ ಕೇಳಿದ.

“ಇದ್ರಿ.”

“ಏನು ಮಾಡಾಕತ್ತಿದ್ದೆ?”

“ಅದೆಲ್ಲ ಯಾಕ ಈಗ? ಉಣ್ರಿ.”

“ಹೇಳು ಅಂದ್ರ ಹೇಳು.”

“ಹೆಗಲ ಮ್ಯಾಲಿನ ವಸ್ತ್ರ ತಗೊಂಡು ಶೇರವಾನಿ ಒರಸಾಕತ್ತಿದ್ರಿ.”

ಆ ರಾತ್ರಿಯಿಂದ ಎಬ್ಬಿಸುವ ಕೆಲಸ ಮನ್ಮಥಪ್ಪನ ಪಾಲಿಗೆ ಬಂತು. ಕನಸಿನ ರಜೆ ಸಿಕ್ಕಿದ್ದರಿಂದ ಅಮೃತಬಾಯಿಗೆ ಅಂದೇ ಕನಸಿನಲ್ಲಿ ರಾಯಿಕೋಡಿಗೆ ಹೊರಡಬೇಕಿತ್ತು. ಮಲಗಿದರೆ ಗಾಡಿಯ ಕೂಗು ಕೇಳಿಸದೆಂದು ಅವನು ಗೋಡೆಗೊರಗಿ ಕುಳಿತೇ ಕಾದ. ಮೂರಕ್ಕೆ ಮಾಲಗಾಡಿ ಕೂಗಿತು. ಎಬ್ಬಿಸಿದ. ಅವಳು ಎದ್ದು, ನೀರು ಕುಡಿದು, ಎರಡು ಸಲ ಜಪ ಮಾಡಿ ಮಲಗಿದಳು. ಸ್ವಲ್ಪ ಹೊತ್ತಿಗೆಲ್ಲ ತುಟಿಯ ಮೇಲೆ ನಗು ಮೂಡಿತು.

ಮನ್ಮಥಪ್ಪನಿಗೆ ತಡೆಯಲಾಗಲಿಲ್ಲ. ಕಿವಿಯ ಬಳಿ ಬಗ್ಗಿ ಮೆಲ್ಲಗೆ ಕೇಳಿದ: “ನಾನೂ ಬರ್ಲೇನು, ರಾಯಿಕೋಡಿಗಿ?”

ಅಮೃತಬಾಯಿ ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದಳು.

“ಮೊದಲ ಮಸಿ ಒರಸ್ರಿ.”