ಗುಂಯ್ ಸದ್ದಿನ ಮರುಸ್ಥಾಪನೆ

ನಮ್ಮ ಪುರಸಭೆಯ ಸಭಾಂಗಣದಲ್ಲಿ ಒಂದು ಗುಂಯ್ ಸದ್ದು ಬಹುಕಾಲದಿಂದ ಸೇವೆ ಸಲ್ಲಿಸುತ್ತಿತ್ತು. ಅದು ಹೊರಡುತ್ತಿದ್ದುದು ಅಧ್ಯಕ್ಷರ ಪೀಠದ ಪಕ್ಕದ ಹಳೆಯ ಪ್ರೀಆಂಪ್ಲಿಫೈಯರಿನಿಂದ. ಅಂದರೆ ಮೈಕಿನ ಬಡಕಲು ದನಿಗೆ ಮೈ ತುಂಬಿಸಿ ಮುಂದಕ್ಕೆ ಕಳಿಸುವ ಕಬ್ಬಿಣದ ಪೆಟ್ಟಿಗೆಯಿಂದ. ಪೀಠಕ್ಕೆ ಕೇಳಿಸದ ಆಕ್ಷೇಪಣೆ ಆಕ್ಷೇಪಣೆಯಲ್ಲ ಎಂಬುದು ಪುರಸಭೆಯ ನಿಯಮ. ಸದ್ದಿನ ನಡುವೆ ಯಾರ ಆಕ್ಷೇಪಣೆಯೂ ಪೀಠಕ್ಕೆ ಕೇಳಿಸದ್ದರಿಂದ ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಅಂಗೀಕಾರವಾಗುತ್ತಿದ್ದವು. ಸಾರ್ವಜನಿಕರ ಬೆಂಚಿನಲ್ಲಿ ಕೂತು ನೋಡುತ್ತಿದ್ದ ನಾನು ಇಂಥ ಒಗ್ಗಟ್ಟನ್ನು ಒಡಹುಟ್ಟಿದವರಲ್ಲೂ ಕಂಡಿಲ್ಲ.

ಒಮ್ಮೆ ಅಧ್ಯಕ್ಷರು ತಮ್ಮ ಭಾಷಣದ ಧ್ವನಿಮುದ್ರಣವನ್ನು ಮನೆಯಲ್ಲಿ ಹಾಕಿದಾಗ, ಅವರ ಹೆಂಡತಿ ಒಳಗಿನಿಂದಲೇ ಮಿಕ್ಸಿ ಆರಿಸಲು ಹೇಳಿದರಂತೆ. ಮರುದಿನವೇ ಸದ್ದನ್ನು ಸೇವೆಯಿಂದ ಬಿಡುಗಡೆ ಮಾಡಲು ಆದೇಶವಾಯಿತು.

ಕೆಲಸ ಬಿದ್ದದ್ದು ರಿಪೇರಿ ಅಂಗಡಿಯ ರೇಡಿಯೊ ಮಾವನ ಮೇಲೆ. ಅವನು ಪೆಟ್ಟಿಗೆಯ ಹೊಟ್ಟೆ ಬಿಚ್ಚಿ, ಎರಡು ಕಡೆ ಸೇರಿಕೊಂಡು ಗುಂಯ್ ಎನಿಸುತ್ತಿದ್ದ ಅರ್ಥಿಂಗ್ ತಂತಿಯನ್ನು ಒಂದೇ ಕಡೆಗೆ ತಂದ. ಒಣಗಿದ್ದ ಕೆಪಾಸಿಟರುಗಳನ್ನು ಬದಲಿಸಿದ. ಮುಟ್ಟಿದರೆ ಕರಕರ ಅನ್ನುತ್ತಿದ್ದ ವಾಲ್ಯೂಮ್ ಗುಂಡಿಯನ್ನು ಕಿತ್ತು, ಟಿಕ್ ಟಿಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಹೊಸದನ್ನು ಕೂರಿಸಿದ. ಮಾವನ ತಪ್ಪೆಂದರೆ ಕೆಲಸವನ್ನು ಸರಿಯಾಗಿ ಮಾಡಿದ್ದು.

ಮುಂದಿನ ಸಭೆಗೆ ಬಂದ ವಿಷಯ, ಗಲ್ಲಿಯ ನಲ್ಲಿಯನ್ನು ಅಧ್ಯಕ್ಷರ ಷಡ್ಡಕರ ಕಾಂಪೌಂಡಿನೊಳಕ್ಕೆ ಸ್ಥಳಾಂತರಿಸುವುದು. ಆ ನಲ್ಲಿಯ ನೀರಿನಿಂದಲೇ ಬಟ್ಟೆ ಒಗೆದು ಅಂಗಡಿ ನಡೆಸುತ್ತಿದ್ದ ಲಾಂಡ್ರಿ ಅಕ್ಕ ಎದ್ದು ಮೈಕಿನ ಮುಂದೆ ನಿಂತರು.

"ನಲ್ಲಿ ಹೋದ್ರೆ ನನ್ನ ಅಂಗಡಿ ಮುಚ್ಚುತ್ತೆ. ನಿಮ್ಮ ಷಡ್ಡಕರ ಮನೇಲಿ ಆಗ್ಲೇ ಎರಡು ನಲ್ಲಿ ಇವೆಯಲ್ಲ, ಸಾರ್."

ಇದು ಪೀಠದವರೆಗೂ ಕೇಳಿಸಿತು. ನಿದ್ದೆಯಲ್ಲಿದ್ದ ಸದಸ್ಯರೊಬ್ಬರು ಎಚ್ಚೆತ್ತು, ಸಭೆಯಲ್ಲಿ ಯಾರೋ ಮಾತಾಡುತ್ತಿದ್ದಾರೆಂದು ದೂರಿದರು. ಕಾರ್ಯದರ್ಶಿಗಳು ನಿಯಮಾವಳಿ ತಿರುವಿ ಹಾಕಿ, ಆಕ್ಷೇಪಣೆ ಕೇಳಿಸಿದರೆ ಏನು ಮಾಡಬೇಕೆಂಬ ಬಗ್ಗೆ ಅವಕಾಶವೇ ಇಲ್ಲವೆಂದರು. ಸಭೆಯನ್ನು ಮುಂದೂಡಲಾಯಿತು. ಅಕ್ಕ ಗೆದ್ದೆನೆಂದುಕೊಂಡು ನಗುತ್ತಾ ಹೊರಟರು.

ಮಾವನಿಗೆ ಬುಲಾವ್ ಹೋಯಿತು. ಸದ್ದನ್ನು ವಾಪಸ್ ಹಾಕಬಹುದೇ ಎಂದು ಅಧ್ಯಕ್ಷರು ವಿಚಾರಿಸಿದರು. ಮಾವ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಆಮೇಲೆ ಕೇಳಿದ:

"ಹಳೇ ಸದ್ದೇ ಬೇಕಾ ಸಾರ್, ಇಲ್ಲ ಹೊಸ ಥರದ್ದಾ?"

ಹಳೆಯದೇ ಎಂದು ತೀರ್ಮಾನವಾಗಿ, ಸೂಚನಾ ಫಲಕದ ಮೇಲೆ ಹೀಗೊಂದು ಪ್ರಕಟಣೆ ಬಂತು: "ಧ್ವನಿಯು ಸಾರ್ವಜನಿಕ ಆಸ್ತಿಯಾದ ಕಾರಣ ಅದನ್ನು ಹುದ್ದೆಗನುಗುಣವಾಗಿ ಹಂಚತಕ್ಕದ್ದು. ವಾಲ್ಯೂಮ್ ಗುಂಡಿಯ ಕೊನೆಯ ಮೆಟ್ಟಿಲು ಮಾನ್ಯ ಅಧ್ಯಕ್ಷರಿಗೆ, ನಡುವಿನದು ಸದಸ್ಯರಿಗೆ, ಮೊದಲನೆಯದು ಸಾರ್ವಜನಿಕರಿಗೆ ಮೀಸಲು. ಸಾರ್ವಜನಿಕರು ಮಾತನಾಡುವಾಗ ಪಾರಂಪರಿಕ ಗುಂಯ್ ಸದ್ದನ್ನು ಗೌರವಪೂರ್ವಕವಾಗಿ ಜೋಡಿಸತಕ್ಕದ್ದು."

ಹಾಕಿದರೆ ಸದ್ದು ಬರುವಂತೆ ಮಾವ ಅರ್ಥಿಂಗ್ ತಂತಿಗೊಂದು ಸ್ವಿಚ್ ಇಟ್ಟುಕೊಟ್ಟ. ಉಪಸಮಿತಿಯೊಂದು ಕಣ್ಣು ಮುಚ್ಚಿ ಆಲಿಸಿ, ಸದ್ದು ಅಪ್ಪಟ ಮೊದಲಿನದೇ ಎಂದು ದೃಢೀಕರಿಸಿತು. ಮುಂದಿನ ಸಭೆಯಲ್ಲಿ ಅಕ್ಕನ ತುಟಿ ಅಲ್ಲಾಡಿದ್ದನ್ನು ಎಲ್ಲರೂ ತಾಳ್ಮೆಯಿಂದ ನೋಡಿದರು. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ನಲ್ಲಿ ಹೋಯಿತು, ಅದರ ಹಿಂದೆಯೇ ಅಂಗಡಿಯೂ ಹೋಯಿತು.

ಆದರೆ ಪುರಸಭೆ ಕಲ್ಲುಹೃದಯದ್ದಲ್ಲ. ಜೀವನಕ್ಕೆ ದಾರಿಯಿಲ್ಲದ ಅಕ್ಕನಿಗೆ ಮಾನವೀಯ ನೆಲೆಯಲ್ಲಿ ಸಭಾಂಗಣದಲ್ಲೇ ಕೆಲಸ ಕೊಟ್ಟಿತು. ಸಾರ್ವಜನಿಕರು ಎದ್ದು ನಿಂತಾಗ ಗುಂಡಿ ಇಳಿಸಿ ಸ್ವಿಚ್ ಹಾಕುವುದು ಅವರ ಹೊಣೆ. ಕೆಲಸದಲ್ಲಿ ಅವರು ಬಹಳ ಅಚ್ಚುಕಟ್ಟು.

ಮೊನ್ನೆ ನಮ್ಮ ಬೀದಿಯ ಒಡೆದ ಚರಂಡಿಯ ಬಗ್ಗೆ ಹೇಳಲು ನಾನೂ ಮೈಕಿನ ಮುಂದೆ ನಿಂತೆ. ಅಕ್ಕ ನನ್ನ ಗುರುತು ಹಿಡಿದು ನಕ್ಕರು.

"ಹೇಳಣ್ಣ, ಎಲ್ಲಾ ಹೇಳ್ಕೊಂಡ್ಬಿಡು," ಎಂದು ಸ್ವಿಚ್ ಹಾಕಿದರು.

ನಾನು ಎಲ್ಲವನ್ನೂ ಹೇಳಿಕೊಂಡೆ. ಅಧ್ಯಕ್ಷರು ತಲೆಯಾಡಿಸಿದರು. ಅವರಿಗೆ ನಮಸ್ಕಾರ ಹೇಳಿ, ಹಗುರವಾದ ಮನಸ್ಸಿನಿಂದ ಚರಂಡಿ ದಾಟಿಕೊಂಡು ಮನೆಗೆ ಬಂದೆ.