ಕೂಗದ ಎಮ್ಮೆಯ ಹಾಲು

ಲಕ್ಷ್ಮೀಕಾಂತನ ಡಾಕ್ಟರೇಟು ಜನ್ನಾಪುರದ ಲಿಂಗಮ್ಮನ ಎಮ್ಮೆಯ ಕೆಚ್ಚಲಿನಲ್ಲಿತ್ತು. ಬೆದೆಗೆ ಬಂದರೂ ಕೂಗದ ಎಮ್ಮೆಗಳನ್ನು ಹಾಲಿನ ಹಾರ್ಮೋನಿನಿಂದ ಗುರುತಿಸುವುದು ಅವನ ಸಂಶೋಧನೆ. ಉಳಿದ ಎಮ್ಮೆಗಳ ಹಾರ್ಮೋನಿನ ಗೆರೆ ಗ್ರಾಫಿನಲ್ಲಿ ಗುಡ್ಡ ಹತ್ತಿ ಇಳಿಯುತ್ತಿತ್ತು. ಲಿಂಗಮ್ಮನ ಎಮ್ಮೆಯದು ಮಾತ್ರ ಬಟ್ಟೆ ಒಣಗಿಸುವ ತಂತಿಯಂತೆ ನೇರ. ಇಂಥದ್ದನ್ನು ಕಂಡೇ ಇಲ್ಲವೆಂದು ಗೈಡ್ ಷಡಕ್ಷರಪ್ಪನವರು ಪ್ರಬಂಧವನ್ನೆಲ್ಲ ಅದರ ಮೇಲೇ ನಿಲ್ಲಿಸಿದ್ದರು. ಇವತ್ತಿನದು ಕೊನೆಯ ಸ್ಯಾಂಪಲ್. ತಪ್ಪಿದರೆ ಮತ್ತೆ ಮೊದಲಿನಿಂದ.

ಹೊಸಬರು ಹತ್ತಿರ ನಿಂತರೆ ಎಮ್ಮೆ ಸೊರೆ ಬಿಡುವುದಿಲ್ಲ, ಹಾಲು ಇಳಿಸುವುದಿಲ್ಲ ಎಂದು ಲಿಂಗಮ್ಮ ಅವನನ್ನು ಜಗಲಿಯಲ್ಲೇ ಕೂರಿಸಿ ಹಾಲು ತಂದುಕೊಡುತ್ತಿದ್ದಳು. ಅಂದೂ ಅವನು ಸೀಸೆಯನ್ನು ಐಸಿನ ಫ್ಲಾಸ್ಕಿನಲ್ಲಿಟ್ಟುಕೊಂಡು ಶಿವಮೊಗ್ಗದ ಬಸ್ಸು ಹತ್ತಿದ. ಮಾಚೇನಹಳ್ಳಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಐಸು ಕರಗಿತೇನೋ ಎಂದು ಮುಚ್ಚಳ ತೆಗೆದದ್ದೇ ತಪ್ಪಾಯಿತು. ಪಕ್ಕದಲ್ಲಿ ಅಳುವ ಮೊಮ್ಮಗಳನ್ನು ಹೊತ್ತು ಕೂತಿದ್ದ ಹುಲಿಗೆಮ್ಮ ಹಾಲನ್ನು ಕಂಡಳು.

ಇದು ಕುಡಿಯುವುದಕ್ಕಲ್ಲ, ಪರೀಕ್ಷೆಗೆ ಎಂದು ಅವನು ವಿವರಿಸಿದ.

"ಮಗು ಹಸ್ಕೊಂಡಿದೆ, ನಿಮ್ ಪರೀಕ್ಷೆ ನಾಳೆ ಮಾಡ್ಕೊಳಿ ಮಾರಾಯ್ರೆ" ಎಂದ ಕಂಡಕ್ಟರ್.

ಹಿಂದಿನ ಸೀಟಿನವರು ಓದಿದವರ ಕಲ್ಲುಮನಸ್ಸಿನ ಬಗ್ಗೆ ಮಾತಾಡತೊಡಗಿದರು. ಬಸ್ಸಿಗೆ ಬಸ್ಸೇ ಪಂಚಾಯಿತಿಯಾಯಿತು. ಮಗು ಕುಡಿಯಿತು. ಹುಲಿಗೆಮ್ಮ ತಳದ ಹನಿ ನಾಲಿಗೆಗೆ ಹಾಕಿಕೊಂಡಳು.

"ಎಮ್ಮೆ ಹಾಲು ಅಂತೀರ, ಇಷ್ಟು ತೆಳ್ಳಗಿದೆಯಲ್ಲ."

ಬಸ್ಸಿನಲ್ಲಿ ಸಿಕ್ಕವರಿಂದ ಎಮ್ಮೆಯ ವಿಷಯ ಕಲಿಯುವ ಗತಿ ತನಗೆ ಬಂದಿಲ್ಲವೆಂದುಕೊಂಡು ಅವನು ಜನ್ನಾಪುರಕ್ಕೆ ವಾಪಸಾದ. ಸಂಜೆಯ ಹಾಲಿಗೆ ಕಾದ. ಅಷ್ಟರಲ್ಲಿ ಲಿಂಗಮ್ಮ ದೇವರಿಗೆ ದೀಪ ಹಚ್ಚಿಬಿಟ್ಟಳು.

"ದೀಪ ಹಚ್ಚಿದ್ಮೇಲೆ ಹಾಲು ಹೊರಗೆ ಕೊಡಲ್ಲಪ್ಪ."

ಹಿಂದೆ ಹಾಗೆ ಕೊಟ್ಟು ತನ್ನ ಹಸುವಿನ ಹಾಲು ಬತ್ತಿದ ಕತೆಯನ್ನು ಪಕ್ಕದ ಮನೆಯ ಸುವರ್ಣಮ್ಮ ಬೇಲಿಯಾಚೆಯಿಂದಲೇ ಹೇಳಿದಳು.

ಸೋತು ಹೋದ ಲಕ್ಷ್ಮೀಕಾಂತ ಮೂಲೆಯಂಗಡಿಯ ಎಸ್‌ಟಿಡಿ ಬೂತಿನಿಂದ ಗೈಡಿಗೆ ಫೋನು ಮಾಡಿ ನಡೆದದ್ದನ್ನು ಒಪ್ಪಿಸಿದ.

"ಹೋದ್ರೆ ಹೋಗ್ಲಿ ಕಣಯ್ಯ" ಎಂದರು ಷಡಕ್ಷರಪ್ಪ. "ಹೊರಗಿನ ತಜ್ಞರು ಬಂದಿದ್ದಾರೆ. ಆ ಎಮ್ಮೆನ ನೋಡ್ಲೇಬೇಕಂತೆ. ಬೆಳಿಗ್ಗೆ ನಾಲ್ಕು ಜನ ಅಲ್ಲಿಗೇ ಬರ್ತೀವಿ. ಅವರ ಮುಂದೇನೇ ಹಾಲು ಕೊಡ್ಸು."

ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿತು. ಎಲ್ಲ ಕೇಳಿಸಿಕೊಂಡಿದ್ದ ಅಂಗಡಿಯ ಬೀರಪ್ಪ ಕನಿಕರದಿಂದ ಹೇಳಿದ:

"ಹಾಲಿಗೆ ಲಿಂಗಮ್ಮಕ್ಕನ್ನ ಯಾಕ್ ಸಾರ್ ಬೇಡ್ತೀರ? ಎಳೆಗರು ಎಮ್ಮೆ, ದೃಷ್ಟಿ ಆಗುತ್ತೆ ಅಂತ ಅದರ ಹಾಲು ಹೊರಗಿನೋರಿಗೆ ಕೊಡಲ್ಲ ಅವರು. ನಿಮಗೆ ಕೊಡೋಕೆ ದಿನಾ ಒಯ್ಯೋದು ನಮ್ಮಂಗಡಿ ಪ್ಯಾಕೆಟ್ಟು."

ಬೀರಪ್ಪ ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಇಣುಕಿದ.

"ನಾಳೆ ನಾಲ್ಕು ಜನ ಅಂದ್ರಲ್ಲ. ಎರಡು ಪ್ಯಾಕೆಟ್ ತೆಗೆದಿಡ್ಲಾ?"